ಅಳತೆಗೆ ನಿಂತ ಚಿತ್ರ

(ಮೂಡುಬಿದಿರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ದತ್ತಾಂಶ ಚಿತ್ರಣ ಮತ್ತು ಮಾಹಿತಿ ವಿನ್ಯಾಸದ ಆಕರ್ಷಣೆ’ ಎಂದು ಅಚ್ಚು ಹಾಕಿಸಿದ್ದಾರೆ. ಹೆಸರು ಘನವಾಗಿದೆ. ಕೆಲಸ ಮಾತ್ರ ಬಿಡಿಸಿ ಹೇಳಬಹುದಾದದ್ದು: ಅಂಕಿಗಳನ್ನು ಗೆರೆಯಾಗಿ, ಬಣ್ಣವಾಗಿ, ಕಾಗದದ ಮೇಲಿನ ಜಾಗವಾಗಿ ಬರೆಯುವುದು. ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ನಾವೆಲ್ಲ ಮಾಡಿದ್ದೇವೆ. ಈಗ ಪತ್ರಿಕೆ, ಟಿ.ವಿ., ಮೊಬೈಲು ಎಲ್ಲಿ ನೋಡಿದರೂ ಅದೇ. ಚುನಾವಣೆಯ ದಿನ ಬಣ್ಣ ಬಳಿದ ನಕಾಶೆ, ಮಳೆಗಾಲದಲ್ಲಿ ಮಳೆಯ ನಕಾಶೆ, ಅಡಿಕೆಗೆ ಧಾರಣೆ ಬಂದರೆ ಏರುಗೆರೆ.

ಇದು ಜನರಿಗೆ ಯಾಕಿಷ್ಟು ಹಿಡಿಸುತ್ತದೆ? ‘ಚಿತ್ರವಾದರೆ ಬೇಗ ಅರ್ಥವಾಗುತ್ತದೆ’ ಎಂಬುದು ಎಲ್ಲರೂ ಕೊಡುವ ಉತ್ತರ. ನನಗದು ಅರ್ಧ ಮಾತ್ರ ಒಪ್ಪಿಗೆ. ಕೋಷ್ಟಕದಲ್ಲಿರುವ ಅಂಕಿಯನ್ನು ನಾವು ಒಂದೋ ನಂಬುತ್ತೇವೆ, ಇಲ್ಲವೇ ದಾಟಿ ಮುಂದಕ್ಕೆ ಹೋಗುತ್ತೇವೆ. ಅದೇ ಅಂಕಿ ಚಿತ್ರವಾಗಿ ಎದುರಿಗೆ ನಿಂತರೆ ‘ಇಲ್ಲಿ ಯಾಕೆ ಇಳಿಯಿತು, ಇದೊಂದು ಚುಕ್ಕೆ ಯಾಕೆ ದೂರ ನಿಂತಿತು’ ಎಂದು ಕೇಳದೆ ಇರಲಾಗುವುದಿಲ್ಲ. ಅಂಕಿಯ ಜೊತೆ ಜಗಳಕ್ಕೆ ಇಳಿಯಲು ಚಿತ್ರ ನಮಗೆ ಧೈರ್ಯ ಕೊಡುತ್ತದೆ. ಅದರ ನಿಜವಾದ ಸೆಳೆತ ಅಲ್ಲಿದೆ ಎಂಬುದು ನನ್ನ ವಾದ. 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೋಂಬ್ ಎಂಬ ಸಂಖ್ಯಾಶಾಸ್ತ್ರಜ್ಞ ತಲಾ 11 ಜೋಡಿ ಅಂಕಿಗಳ ನಾಲ್ಕು ಗುಂಪುಗಳನ್ನು ಮಾಡಿ ತೋರಿಸಿದ. ಸರಾಸರಿ, ಚದುರುವಿಕೆ, ಪರಸ್ಪರ ಸಂಬಂಧ ಯಾವುದನ್ನು ಲೆಕ್ಕ ಹಾಕಿದರೂ ನಾಲ್ಕೂ ಹೆಚ್ಚುಕಡಿಮೆ ಒಂದೇ. ಚುಕ್ಕೆ ಇಟ್ಟು ನೋಡಿದರೆ ಒಂದು ಓರೆಗೆರೆಯ ಸುತ್ತ ಹರಡಿಕೊಂಡಿದೆ, ಇನ್ನೊಂದು ಬಿಲ್ಲಿನಂತೆ ಬಾಗಿದೆ, ಉಳಿದೆರಡರಲ್ಲಿ ಗುಂಪು ತಪ್ಪಿದ ಒಂದೊಂದೇ ಚುಕ್ಕೆ ಇಡೀ ಲೆಕ್ಕವನ್ನು ತನ್ನ ಕಡೆಗೆ ಎಳೆದಿದೆ. ಲೆಕ್ಕ ಬಲ್ಲವರಿಗೆ ಇದು ಮುಜುಗರದ ಉದಾಹರಣೆ, ಹಾಗಾಗಿ ನನಗೆ ಪ್ರಿಯ.

ಚಿತ್ರವನ್ನೂ ಲೆಕ್ಕವನ್ನೂ ಎದುರುಬದುರು ನಿಲ್ಲಿಸುವ ವಿದ್ಯೆ ಪಶ್ಚಿಮದಿಂದ ಬಂದದ್ದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಮೂಡುಬಿದಿರೆಯಲ್ಲಿ ನಿಂತು ಆ ಮಾತನ್ನು ಹಾಗೆಯೇ ಒಪ್ಪಿಕೊಳ್ಳಲು ನಾನು ಸಿದ್ಧನಿಲ್ಲ. ಸಾವಿರ ಕಂಬದ ಬಸದಿಯನ್ನು ನೋಡಲು ಬಂದವರೆಲ್ಲ ಗುರುಬಸದಿಯ ಹೆಸರನ್ನೂ ಕೇಳಿಸಿಕೊಂಡು ಹೋಗುತ್ತಾರೆ. ಸಿದ್ಧಾಂತ ಬಸದಿ ಎಂದೂ ಅದನ್ನು ಕರೆಯುವುದುಂಟು. ಧವಲಾ, ಜಯಧವಲಾ ಟೀಕೆಗಳ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಉಳಿದದ್ದು ಆ ಬಸದಿಯಲ್ಲಿ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಟೀಕೆಯೇ ಧವಲಾ. ಬಹುಕಾಲ ಅದು ಇಲ್ಲಿಂದ ಹೊರಗೆ ಹೋಗಲಿಲ್ಲ. 1896ರಲ್ಲಿ ಪ್ರತಿ ಮಾಡುವ ಕೆಲಸ ಶುರುವಾಯಿತು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ 16 ಸಂಪುಟಗಳಾಗಿ ಅಚ್ಚಾಯಿತು. ಕರ್ಮಸಿದ್ಧಾಂತದ ಗ್ರಂಥವೆಂದು ಎಲ್ಲರಿಗೂ ಗೊತ್ತು. ಅದರೊಳಗಿನ ಗಣಿತದ ಬಗ್ಗೆ ಲಖನೌದ ಅವಧೇಶ್ ನಾರಾಯಣ್ ಸಿಂಗ್ ಬರೆದ ಮೇಲೆಯೇ ಗಣಿತದವರು ಇತ್ತ ತಿರುಗಿ ನೋಡಿದ್ದು.

ಅಲ್ಲಿರುವ ಒಂದು ವಿವಾದವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಪೂರ್ತಿ ಭಾಷಣದ ಬೇರು ಅದರಲ್ಲಿದೆ. ಜೈನರ ಲೋಕಕ್ಕೆ ಒಂದು ಆಕಾರವಿದೆ. ಅಧೋಲೋಕ ಬೆತ್ತದ ಪೀಠದ ಹಾಗೆ, ಮಧ್ಯಲೋಕ ಝಲ್ಲರಿಯ ಹಾಗೆ, ಊರ್ಧ್ವಲೋಕ ಮೃದಂಗದ ಹಾಗೆ ಎಂದು ಪರಂಪರೆ ಹೇಳಿಕೊಂಡು ಬಂದಿದೆ. ರಜ್ಜು ಎಂಬ ಮಾನದಲ್ಲಿ ಅಳತೆಯೂ ಇದೆ. ಒಟ್ಟು ಎತ್ತರ 14 ರಜ್ಜು. ತಳದಲ್ಲಿ ಅಗಲ 7, ನಡುವಿನಲ್ಲಿ 1, ಮೇಲೆ ಬ್ರಹ್ಮಲೋಕದ ಬಳಿ 5, ತುದಿಯಲ್ಲಿ ಮತ್ತೆ 1. ಘನಫಲ 343 ಘನರಜ್ಜು, ಅಂದರೆ ಮೂರು ಏಳುಗಳನ್ನು ಗುಣಿಸಿದಷ್ಟು. ಮೃದಂಗ ಎಂದ ಕೂಡಲೇ ಕಣ್ಣಿಗೆ ಕಟ್ಟುವುದು ದುಂಡಗಿನ ವಸ್ತು. ಹಿಂದಿನವರು ಲೋಕವನ್ನು ಹಾಗೆ ದುಂಡಗೆ ಕಲ್ಪಿಸಿಕೊಂಡಿದ್ದರು.

ವೀರಸೇನರು ಆ ದುಂಡಗಿನ ಲೋಕವನ್ನು ಅಳೆದು ನೋಡಿದರು. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾದ ದುಂಡು ಆಕೃತಿಯ ಘನಫಲವನ್ನು ಅವರು ಕಂಡುಹಿಡಿದ ರೀತಿ ಇಂದಿಗೂ ಓದಲು ಚೆಂದ. ನಡುವಿನ ಕಂಬವನ್ನು ತೆಗೆದಿಟ್ಟುಕೊಂಡು, ಉಳಿದ ಪೊಳ್ಳು ಭಾಗವನ್ನು ಒಂದು ಕಡೆ ಸೀಳಿ ಬಿಡಿಸಿ ಹಾಸುತ್ತಾರೆ. ಹಾಗೆ ಹಾಸಿದಾಗ ಮೊರದ ಆಕಾರ ಬರುತ್ತದೆ. ಅದನ್ನು ಮತ್ತೆ ತುಂಡರಿಸಿ, ಉಳಿದದ್ದನ್ನು ಮತ್ತೆ ತುಂಡರಿಸಿ, ಮುಗಿಯದ ಸಾಲೊಂದನ್ನು ಕೂಡಿಸುತ್ತಾರೆ. ಕೊನೆಗೆ ಸಿಕ್ಕಿದ್ದು ಸುಮಾರು 164 ಘನರಜ್ಜು. ಈಗ ಕ್ಯಾಲ್ಕುಲೇಟರ್ ಹಿಡಿದು ಮಾಡಿದರೆ 161ರ ಹತ್ತಿರ ಬರುತ್ತದೆ. ಪರಿಧಿಗೆ ಅವರು ಬಳಸಿದ ಸೂತ್ರ ತುಸು ಹೆಚ್ಚು ಕೊಡುವಂಥದ್ದು. ಮೂರು ಘನರಜ್ಜು ಆಚೀಚೆಯಾದರೆ ಇಲ್ಲಿ ನಷ್ಟವೇನೂ ಇಲ್ಲ. ಬೇಕಾಗಿದ್ದುದು 343. ಅದರ ಅರ್ಧದಷ್ಟೂ ಆಗಲಿಲ್ಲವಲ್ಲ!

ಇಂಥ ಸಂದರ್ಭದಲ್ಲಿ ‘ಇದೆಲ್ಲ ಶ್ರದ್ಧೆಯ ವಿಷಯ, ಲೆಕ್ಕ ಯಾಕೆ’ ಎಂದು ತಾಳೆಗರಿಯನ್ನು ಕಟ್ಟಿಡಬಹುದಿತ್ತು. ವೀರಸೇನರು ಚಿತ್ರವನ್ನೇ ತಿದ್ದಿದರು. ಪೂರ್ವ–ಪಶ್ಚಿಮವಾಗಿ ಅಗಲ ಹೆಚ್ಚುಕಡಿಮೆಯಾಗುತ್ತದೆ, ಸರಿ. ಉತ್ತರ–ದಕ್ಷಿಣವಾಗಿ ಮಾತ್ರ ತಳದಿಂದ ತುದಿಯವರೆಗೆ ಎಲ್ಲೆಲ್ಲೂ 7 ರಜ್ಜುವೇ ಎಂದರು. ಈಗ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಕೆಳಗಿನ ಅರ್ಧದಲ್ಲಿ 7ಕ್ಕೂ 1ಕ್ಕೂ ಸರಾಸರಿ 4. ನಾಲ್ಕನ್ನು ಎತ್ತರ 7, ಆಳ 7ರಿಂದ ಗುಣಿಸಿದರೆ 196. ಮೇಲಿನ ಅರ್ಧದಲ್ಲಿ 1ಕ್ಕೂ 5ಕ್ಕೂ ಸರಾಸರಿ 3. ಅದನ್ನು 7, 7ರಿಂದ ಗುಣಿಸಿದರೆ 147. ಕೂಡಿಸಿ, 343. ಎದುರಿನಿಂದ ನೋಡಿದರೆ ಲೋಕಕ್ಕೆ ಸೊಂಟವಿದೆ; ಬದಿಯಿಂದ ನೋಡಿದರೆ ಅದು ಬರೀ ಒಂದು ಆಯತ. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಹೊತ್ತಿಗೆ, 1970ರ ದಶಕದಲ್ಲಿ, ರೂಪಿಸಿದ ಜೈನ ಪ್ರತೀಕದಲ್ಲಿ ನಾವು ಕಾಣುವುದು ಆ ಎದುರಿನ ರೂಪರೇಖೆಯನ್ನು. ಕಾಗದದ ಮೇಲೆ ಆಳ ಕಾಣದು, ಹಾಗಾಗಿ ಅದಕ್ಕಾಗಿ ನಡೆದ ಜಗಳವೂ ಕಾಣದು. ಲೋಕದ ಆಕಾರ ನಿಜವೇ ಎಂಬ ಚರ್ಚೆ ಇಲ್ಲಿ ಬೇಡ. ಒಂದು ಚಿತ್ರವನ್ನು ಅಳತೆಗೆ ನಿಲ್ಲಿಸಿ, ನಿಲ್ಲದೆ ಹೋದಾಗ ಬೇರೆ ಚಿತ್ರ ಬರೆದ ಆ ಧೈರ್ಯವನ್ನು ನೋಡಿ. ಮಾಹಿತಿ ವಿನ್ಯಾಸಕ್ಕೆ ಒಬ್ಬ ಹಿರಿಯರ ಹೆಸರು ಬೇಕೆಂದರೆ ನಾನು ವೀರಸೇನರ ಹೆಸರನ್ನು ಹೇಳುತ್ತೇನೆ.

ಇನ್ನೊಂದು ಸಂಗತಿಯೂ ಅದೇ ಗರಿಗಳಲ್ಲಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಲೆಕ್ಕಕ್ಕೆ ಅರ್ಧಚ್ಛೇದ ಎಂದು ಹೆಸರು. 16ಕ್ಕೆ ನಾಲ್ಕು, 1024ಕ್ಕೆ ಹತ್ತು. ಊಹೆಗೆ ನಿಲುಕದಷ್ಟು ದೊಡ್ಡ ಸಂಖ್ಯೆಗಳನ್ನು ಹಿಡಿತಕ್ಕೆ ತರಲು ಅವರು ಇದನ್ನು ಬಳಸಿದರು. 2020ರಲ್ಲಿ ಕೋವಿಡ್ ಗ್ರಾಫುಗಳನ್ನು ನೋಡಿದವರಿಗೆ ನೆನಪಿರಬಹುದು, ಕೆಲವು ಗ್ರಾಫುಗಳ ಎಡಬದಿಯಲ್ಲಿ 10, 100, 1000 ಎಂದು ಸಮ ಅಂತರದಲ್ಲಿ ಬರೆದಿರುತ್ತಿದ್ದರು. ‘ಇದೇನು ಮೋಸ, ಗೆರೆ ಏರುತ್ತಲೇ ಇಲ್ಲ’ ಎಂದು ಹಲವರು ಸಿಟ್ಟಾದರು. ಎಷ್ಟು ದಿನಕ್ಕೊಮ್ಮೆ ರೋಗ ಇಮ್ಮಡಿಯಾಗುತ್ತಿದೆ ಎಂಬುದನ್ನು ನೋಡಲು ಆ ಮಾಪಕ ಬೇಕಾಗಿತ್ತು. ಇಮ್ಮಡಿಯ ವೇಗ ಬದಲಾಗದಿದ್ದರೆ ಅದರಲ್ಲಿ ಗೆರೆ ನೇರ ಹೋಗುತ್ತದೆ, ವೇಗ ತಗ್ಗಿದರೆ ಬಾಗುತ್ತದೆ. ಅರ್ಧಚ್ಛೇದವನ್ನು ನಮ್ಮ ಎಂಟನೆಯ ತರಗತಿಯಲ್ಲಿ ಹೇಳಿಕೊಟ್ಟಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಪ್ರಶ್ನೋತ್ತರದ ಹೊತ್ತಿಗೆ ಯಾರಾದರೂ ‘ಸಿರಿಭೂವಲಯ’ ಗ್ರಂಥದ ಬಗ್ಗೆ ಕೇಳುತ್ತೀರಿ, ಅದಕ್ಕೆ ಮುಂಚೆ ನಾನೇ ಹೇಳಿಬಿಡುತ್ತೇನೆ. 27 ಸಾಲು, 27 ಕಂಬಗಳ ಚೌಕ, ಒಳಗೆ 1ರಿಂದ 64ರವರೆಗಿನ ಅಂಕಿಗಳು, ಅಂಕಿಗೊಂದು ಅಕ್ಷರ. ಅದರ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನನ್ನ ವಿಷಯಕ್ಕೆ ಅದು ಸೇರದಿರಲು ಕಾರಣ ಬೇರೆ: ಅಲ್ಲಿ ಅಂಕಿ ಮಾತನ್ನು ಅಡಗಿಸುತ್ತದೆ. ನಾನು ಹೇಳುತ್ತಿರುವ ಚಿತ್ರದ ಕೆಲಸ ಅಂಕಿಯನ್ನು ಬಯಲಿಗೆ ತರುವುದು.

ಈಗ ಪಶ್ಚಿಮಕ್ಕೆ ಹೋಗೋಣ. 1801ನೆಯ ಇಸವಿಯನ್ನು ಹಿಡಿದುಕೊಳ್ಳಿ. ಟಿಪ್ಪು ಮಡಿದು ಎರಡು ವರ್ಷವಾಗಿದೆ, ಕೆನರಾ ಕಂಪನಿಯ ಕೈಗೆ ಬಂದಿದೆ. ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಆ ವರ್ಷದ ಆರಂಭದಲ್ಲಿ ಈ ಸೀಮೆಯಲ್ಲಿ ಓಡಾಡುತ್ತ ಬೆಳೆ, ಕಂದಾಯ, ಜಾತಿ, ಬಸದಿ ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಿದ್ದಾನೆ. ಅವನ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಅದೇ 1801ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪ್ಲೇಫೇರ್ ತನ್ನ ‘ಸ್ಟ್ಯಾಟಿಸ್ಟಿಕಲ್ ಬ್ರೆವಿಯರಿ’ಯನ್ನು ಅಚ್ಚು ಹಾಕಿಸಿದ. ಗೆರೆಯ ಗ್ರಾಫನ್ನೂ ಕಂಬದ ಗ್ರಾಫನ್ನೂ 1786ರಲ್ಲೇ ಲೋಕಕ್ಕೆ ಕೊಟ್ಟವನು ಇವನೇ. ಹೋಳು ಮಾಡಿದ ವೃತ್ತದ ಚಿತ್ರ, ನಾವು ಪೈ ಚಾರ್ಟ್ ಅನ್ನುತ್ತೇವಲ್ಲ, ಮೊದಲು ಕಾಣಿಸಿದ್ದು 1801ರ ಈ ಪುಸ್ತಕದಲ್ಲಿ. ಯುರೋಪಿನ ರಾಜ್ಯಗಳ ಬಲಾಬಲ ಅದರ ವಿಷಯ. ಹಿಂದೂಸ್ಥಾನದ ಆಳುವ ಶಕ್ತಿಗಳನ್ನೂ ಅದೇ ರೀತಿಯಲ್ಲಿ ತೋರಿಸಲಾಗಿದೆ ಎಂದು ಮುಖಪುಟದಲ್ಲೇ ಸೇರಿಸಿದ್ದಾನೆ.

ಅವನ ಕ್ರಮ ಹೀಗೆ: ರಾಜ್ಯದ ವಿಸ್ತಾರಕ್ಕೆ ತಕ್ಕಷ್ಟು ದೊಡ್ಡ ವೃತ್ತ. ವೃತ್ತದ ಎಡಕ್ಕೆ ಜನಸಂಖ್ಯೆಯ ಗೆರೆ, ಬಲಕ್ಕೆ ಆದಾಯದ ಗೆರೆ, ಎರಡರ ತುದಿಗಳನ್ನೂ ಸೇರಿಸುವ ಚುಕ್ಕೆಗೆರೆ. ಆ ಗೆರೆ ಯಾವ ಕಡೆಗೆ ವಾಲಿದೆ ಎಂಬುದರಿಂದ ಜನರ ಮೇಲಿನ ತೆರಿಗೆಯ ಭಾರ ತಿಳಿಯುತ್ತದೆ ಎಂದು ಅವನ ಅಂಬೋಣ. ನೋಡಲು ಬಹಳ ಚೆಲುವಾಗಿದೆ. ಸ್ವಲ್ಪ ಹೊತ್ತು ನೋಡಿದರೆ ತೊಡಕು ಗೊತ್ತಾಗುತ್ತದೆ: ವೃತ್ತ ದೊಡ್ಡದಾದಷ್ಟೂ ಎಡ–ಬಲ ಗೆರೆಗಳ ನಡುವಿನ ದೂರ ಹೆಚ್ಚಿ ವಾಲು ತಾನಾಗಿ ಕಡಿಮೆಯಾಗುತ್ತದೆ. ತೆರಿಗೆ ಅಷ್ಟೇ ಇದ್ದರೂ ದೊಡ್ಡ ರಾಜ್ಯದ ಪ್ರಜೆ ಸುಖಿಯಾಗಿ ಕಾಣುತ್ತಾನೆ. ಈ ತಪ್ಪನ್ನು ಹಿಡಿಯಲು ನಮಗೆ ಸಾಧ್ಯವಾದದ್ದೂ ಅವನು ಚಿತ್ರ ಬರೆದದ್ದರಿಂದಲೇ ಎಂಬುದನ್ನು ಮರೆಯಬಾರದು. ನನ್ನ ತಕರಾರು ಇನ್ನೊಂದಿದೆ. ಆ ವೃತ್ತದೊಳಗೆ ಬದುಕುತ್ತಿದ್ದವರು ಯಾರೂ ಆ ಚಿತ್ರವನ್ನು ನೋಡಲಿಲ್ಲ. ‘ನಮ್ಮ ಗೇಣಿ ಇಷ್ಟಲ್ಲ, ಇಷ್ಟು’ ಎಂದು ಬಂಟ್ವಾಳದ ಒಕ್ಕಲಿಗನೊಬ್ಬ ಲಂಡನ್ನಿಗೆ ಹೋಗಿ ಹೇಳುವ ಹಾಗಿರಲಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಕತೆ ನಿಮಗೆ ಗೊತ್ತಿದೆ, ದೀಪ ಹಿಡಿದ ಮಹಿಳೆ. 1858ರಲ್ಲಿ ಆಕೆ ಅಚ್ಚು ಹಾಕಿಸಿದ ಚಿತ್ರದಲ್ಲಿ ಹನ್ನೆರಡು ತಿಂಗಳಿಗೆ ವೃತ್ತದ ಹನ್ನೆರಡು ಹೋಳುಗಳಿವೆ. ಗಾಯದಿಂದ ಸತ್ತ ಸೈನಿಕರು ಕೆಂಪು, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರು ನೀಲಿ, ಉಳಿದವರು ಕಪ್ಪು. ನೀಲಿಯ ಮುಂದೆ ಕೆಂಪು ಎಲ್ಲೋ ಮೂಲೆಯಲ್ಲಿ ಅಡಗಿದೆ. ಶತ್ರುವಿಗಿಂತ ಆಸ್ಪತ್ರೆಯ ಕೊಳಕೇ ಹೆಚ್ಚು ಜನರನ್ನು ಕೊಂದಿತು ಎಂದು ಮಂತ್ರಿಗಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಅದರಲ್ಲಿ ವರ್ಷ ಏಪ್ರಿಲಿನಿಂದ ಶುರುವಾಗುವುದು. ನಮ್ಮ ತುಳು ವರ್ಷವೂ ಏಪ್ರಿಲ್ ನಡುವಿನಲ್ಲಿ ಬಿಸುವಿನೊಡನೆ ಶುರುವಾಗುತ್ತದೆ: ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು. ಆಕೆಗೆ ಪಗ್ಗು ತಿಂಗಳು ಗೊತ್ತಿರಲು ಸಾಧ್ಯವಿಲ್ಲ, ಅದು ಕಾಕತಾಳೀಯ. ಆದರೂ ನಮ್ಮ ಮಳೆಯ ಚಿತ್ರ ಬರೆಯುವವರಿಗೆ ಅದರಲ್ಲೊಂದು ಸೂಚನೆಯಿದೆ.

ಮಳೆಯ ಮಾತಿಗೆ ಬಂದೆ. ದಕ್ಷಿಣ ಕನ್ನಡದ ಅಡಿಕೆ ತೋಟದ ಎಷ್ಟೋ ಮನೆಗಳ ಅಂಗಳದಲ್ಲಿ ಮಳೆಮಾಪಕವಿದೆ. ಬೆಳಗ್ಗೆ 8.30ಕ್ಕೆ, ಹವಾಮಾನ ಇಲಾಖೆಯ ಹೊತ್ತಿಗೇ, ನೀರನ್ನು ಅಳೆದು ಡೈರಿಯಲ್ಲೋ ಕ್ಯಾಲೆಂಡರಿನ ಚೌಕದಲ್ಲೋ ಗುರುತು ಹಾಕುತ್ತಾರೆ. ಈಗ ವಾಟ್ಸ್ಆ್ಯಪ್ ಗುಂಪಿಗೂ ಹಾಕುತ್ತಾರೆ. ತಿಂಡಿಗೆ ಕೂರುವಷ್ಟರಲ್ಲಿ ಯಾರ ಊರಿಗೆ ಎಷ್ಟು ಎಂದು ತಿಳಿದಿರುತ್ತದೆ. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ ಇದು. 1988ರಲ್ಲಿ ಪುತ್ತೂರಿನಿಂದ ಶುರುವಾದ ‘ಅಡಿಕೆ ಪತ್ರಿಕೆ’ ಮತ್ತು ಶ್ರೀ ಪಡ್ರೆಯವರ ನೀರಿನ ಬರಹಗಳು ಈ ಅಭ್ಯಾಸಕ್ಕೆ ಗೊಬ್ಬರ ಹಾಕಿದವು ಎಂದು ಧಾರಾಳವಾಗಿ ಹೇಳಬಹುದು. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರು. ವರ್ಷಕ್ಕೆ 4000 ಮಿ.ಮೀ. ಬೀಳುವ ಕಡೆ 100 ಚದರ ಮೀಟರಿನ ಮಾಡಿನಿಂದ ಇಳಿಯುವ ನೀರು 4 ಲಕ್ಷ ಲೀಟರು. ‘ಮಿ.ಮೀ.’ ಎಂದಾಗ ಕಿವಿಗೆ ಬೀಳದ ಅಂಕಿ ‘ನಿಮ್ಮ ಮಾಡಿನ ನೀರು’ ಎಂದಾಗ ಎದ್ದು ನಿಲ್ಲುತ್ತದೆ. ಇಲ್ಲಿ ಚಿತ್ರವನ್ನೇ ಬರೆದಿಲ್ಲ ನೋಡಿ, ಅಳತೆಯ ಮಾನವನ್ನು ಬದಲಿಸಿದ್ದಷ್ಟೇ. ಅದೂ ಮಾಹಿತಿ ವಿನ್ಯಾಸವೇ.

ನಮ್ಮ ಹಿರಿಯರು ಮಳೆಯನ್ನು ನಕ್ಷತ್ರಗಳಲ್ಲಿ ಲೆಕ್ಕ ಇಟ್ಟರು. ಮೃಗಶಿರ, ಆರ್ದ್ರೆ, ಪುನರ್ವಸು, ಪುಷ್ಯ, ಆಶ್ಲೇಷ. ವರ್ಷವನ್ನು 27 ಭಾಗ ಮಾಡಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ತಿಂಗಳ ಲೆಕ್ಕಕ್ಕಿಂತ ಇದು ಸೂಕ್ಷ್ಮ, ದಿನದ ಲೆಕ್ಕಕ್ಕಿಂತ ನೆನಪಿಡಲು ಸುಲಭ. ಸಂಖ್ಯಾಶಾಸ್ತ್ರದಲ್ಲಿ ಅಂಕಿಗಳನ್ನು ಎಷ್ಟು ಅಗಲದ ಗುಂಪು ಮಾಡಬೇಕು ಎಂಬುದು ಸದಾ ತಲೆನೋವಿನ ಪ್ರಶ್ನೆ. ಬೇಸಾಯ ಮಾಡುವವರಿಗೆ ಬೇಕಾದ ಅಗಲ ಅವರಿಗೇ ಗೊತ್ತಿತ್ತು. ನೇಜಿ ನೆಡುವುದು, ಅಡಿಕೆಗೆ ಬೋರ್ಡೋ ದ್ರಾವಣ ಬಿಡುವುದು, ಎಲ್ಲಕ್ಕೂ ಹದಿನೈದು ದಿನದೊಳಗಿನ ಅಂದಾಜು ಸಾಕು. ಸರ್ಕಾರಿ ಗ್ರಾಫುಗಳು ಜನವರಿಯಿಂದ ಡಿಸೆಂಬರಿಗೆ ಓಡುತ್ತವೆ. ಅವುಗಳಲ್ಲಿ ನಮ್ಮ ಮಳೆ ಕಾಗದದ ನಡುವೆ ಒಂದು ಗುಡ್ಡವಾಗಿ ನಿಲ್ಲುತ್ತದೆ, ಎರಡೂ ಬದಿ ಖಾಲಿ. ಪಗ್ಗುವಿನಿಂದ ಶುರುಮಾಡಿ ವೃತ್ತದಲ್ಲಿ ಬರೆದರೆ ಬೇಸಗೆಯ ಕೊನೆಯೂ ಮಳೆಯ ಶುರುವೂ ಅಕ್ಕಪಕ್ಕ ಕೂರುತ್ತವೆ. ಕೆರೆ ಬತ್ತುವ ಹೊತ್ತಿನ ಆತಂಕ ಆ ಜಾಗದಲ್ಲಿ ಕಾಣುತ್ತದೆ. ವಿದ್ಯಾರ್ಥಿಗಳು ಮಾಡಿ ನೋಡಬೇಕು.

ಮಳೆಯ ನಕಾಶೆಯ ಬಣ್ಣದ ಬಗ್ಗೆ ನನಗೊಂದು ದೊಡ್ಡ ದೂರಿದೆ. ಹವಾಮಾನ ಇಲಾಖೆಯ ಮಳೆ ವ್ಯತ್ಯಾಸದ ನಕಾಶೆಯಲ್ಲಿ ವಾಡಿಕೆಗಿಂತ ಶೇ. 20ರಿಂದ 59ರಷ್ಟು ಕಡಿಮೆಯಾದರೆ ಆ ಜಿಲ್ಲೆಗೆ ಕೆಂಪು. ಹೆಚ್ಚೋ ಕಡಿಮೆಯೋ ಶೇ. 19ರೊಳಗೆ ಇದ್ದರೆ ಹಸಿರು, ಅದಕ್ಕಿಂತ ಹೆಚ್ಚಾದರೆ ನೀಲಿ. ಈಗ ದಕ್ಷಿಣ ಕನ್ನಡವನ್ನೂ ಚಿತ್ರದುರ್ಗವನ್ನೂ ಪಕ್ಕಪಕ್ಕ ಇಡಿ. ನಮ್ಮಲ್ಲಿ ವಾಡಿಕೆ 4000 ಮಿ.ಮೀ. ಹತ್ತಿರ, ಅಲ್ಲಿ 600ರ ಆಸುಪಾಸು. ನಮ್ಮಲ್ಲಿ ಶೇ. 25ರಷ್ಟು ಕಡಿಮೆ ಬಿದ್ದರೂ 3000 ಮಿ.ಮೀ. ಬಿದ್ದಿರುತ್ತದೆ, ನಕಾಶೆಯಲ್ಲಿ ನಾವು ಕೆಂಪು. ಅವರಿಗೆ ಶೇ. 25ರಷ್ಟು ಹೆಚ್ಚು ಬಿದ್ದರೆ 750 ಮಿ.ಮೀ., ಅವರು ನೀಲಿ. ಬಣ್ಣ ತೋರಿಸುತ್ತಿರುವುದು ನೀರನ್ನಲ್ಲ, ವಾಡಿಕೆಯಿಂದ ಎಷ್ಟು ಸರಿದಿದೆ ಎಂಬುದನ್ನು. ನೋಡುವವರಲ್ಲಿ ಎಷ್ಟು ಜನರಿಗೆ ಅದು ಹೊಳೆಯುತ್ತದೆ? ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಇಲಾಖೆಯ ಮುನ್ನೆಚ್ಚರಿಕೆಯಲ್ಲೂ ಕೆಂಪಿದೆ. ‘ರೆಡ್ ಅಲರ್ಟ್’ ಎಂದರೆ 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆಯ ಸಾಧ್ಯತೆ. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು, ಮರುದಿನ ರಜೆ ಇರುತ್ತದೆ. ಒಂದು ನಕಾಶೆಯಲ್ಲಿ ಕೆಂಪೆಂದರೆ ಮಳೆ ಸಾಲದು, ಇನ್ನೊಂದರಲ್ಲಿ ಕೆಂಪೆಂದರೆ ಮಳೆ ತಡೆಯಲಾಗದು. ಆಟಿ ತಿಂಗಳ ಒಂದೇ ದಿನ ಬೆಳ್ತಂಗಡಿಗೆ ಎರಡೂ ಕೆಂಪು ಬೀಳಬಹುದು. ಗಂಡಸರಲ್ಲಿ ಕೆಲವರಿಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸವೇ ಕಾಣುವುದಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಕಣ್ಣನ್ನು ಮೋಸಗೊಳಿಸುವ ಇನ್ನೊಂದು ದಾರಿ ಗಾತ್ರದ್ದು. ಅಡಿಕೆ ಧಾರಣೆ ಇಮ್ಮಡಿಯಾಯಿತು ಎಂದು ತೋರಿಸಲು ಪತ್ರಿಕೆಯವರು ಇಮ್ಮಡಿ ಎತ್ತರದ ಅಡಿಕೆ ಬರೆಯುತ್ತಾರೆ. ಎತ್ತರ ಎರಡು ಪಟ್ಟಾದರೆ ಕಾಗದದ ಮೇಲೆ ಅದು ಹಿಡಿಯುವ ಜಾಗ ನಾಲ್ಕು ಪಟ್ಟು, ದುಂಡಗಿನ ಕಾಯಿ ಎಂದುಕೊಂಡರೆ ಎಂಟು ಪಟ್ಟು. ವಿಯೆನ್ನಾದಲ್ಲಿ 1925ರಲ್ಲಿ ಜನಸಾಮಾನ್ಯರಿಗಾಗಿ ಅಂಕಿ-ಅಂಶಗಳ ಸಂಗ್ರಹಾಲಯ ತೆರೆದ ಆಟೋ ನ್ಯೂರಾತ್, ಮುಂದೆ ಐಸೋಟೈಪ್ ಎಂದು ಹೆಸರಾದ ತನ್ನ ಪದ್ಧತಿಗೆ ಒಂದು ನಿಯಮ ಮಾಡಿದ: ಹೆಚ್ಚಿದ್ದರೆ ಹೆಚ್ಚು ಚಿತ್ರಗಳನ್ನು ಬರೆಯಿರಿ, ಚಿತ್ರವನ್ನು ಹಿಗ್ಗಿಸಬೇಡಿ. ಮರೀ ನ್ಯೂರಾತ್, ಚಿತ್ರಕಾರ ಗೆರ್ಡ್ ಆರ್ನ್ಟ್ಸ್ ಅವರೊಡನೆ ಸೇರಿ ಆ ನಿಯಮವನ್ನು ಪಾಲಿಸಿದ. ನಮಗೆ ಇದು ಹೊಸದೇನಲ್ಲ. ಹಿಂದೆ ಗೇಣಿ ಅಳೆದು ಅಟ್ಟಕ್ಕೇರಿಸಿದ ಅಕ್ಕಿಮುಡಿಗಳ ಹಾಗೆ ಅದು. ಮುಡಿ ಎಂದರೆ 42 ಸೇರು. ಬೆಳೆ ಹೆಚ್ಚಾದರೆ ಮುಡಿಗಳ ಸಂಖ್ಯೆ ಹೆಚ್ಚುತ್ತಿತ್ತೇ ಹೊರತು ಒಂದು ಮುಡಿ ಉಬ್ಬುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಎಣಿಸಿದರೆ ಮನೆಯ ವರ್ಷದ ಸ್ಥಿತಿ ತಿಳಿಯುತ್ತಿತ್ತು. ಗದ್ದೆಯ ವಿಸ್ತಾರವನ್ನೂ ಬಿತ್ತನೆಗೆ ಎಷ್ಟು ಮುಡಿ ಬೇಕೆಂಬುದರಲ್ಲೇ ಹೇಳುತ್ತಿದ್ದರು.

ಬೆಲೆಯ ಗ್ರಾಫಿನಲ್ಲಿ ಸೊನ್ನೆಯಿಂದ ಶುರುಮಾಡಬೇಕೇ ಎಂಬ ಹಳೆಯ ಜಗಳವಿದೆ. ಕಂಬಗಳಾದರೆ ಮಾಡಲೇಬೇಕು, ಯಾಕೆಂದರೆ ಕಣ್ಣು ಕಂಬದ ಉದ್ದವನ್ನು ಅಳೆಯುತ್ತದೆ. ಗೆರೆಯಾದರೆ ಕಡ್ಡಾಯವಿಲ್ಲ. ಕಿಲೋಗೆ 480 ಇದ್ದದ್ದು 490 ಆಯಿತೆನ್ನಿ, 475ರಿಂದ ಶುರುವಾದ ಕಂಬಗಳಲ್ಲಿ ಅದು ಮೂರು ಪಟ್ಟಾದಂತೆ ಕಾಣುತ್ತದೆ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಕನ್ನಡದಲ್ಲಿ ಈ ಕೆಲಸ ಮಾಡುವವರ ಕಷ್ಟವನ್ನು ಹೇಳಲೇಬೇಕು. ನಮ್ಮ ಊರ ಹೆಸರುಗಳು ಉದ್ದ, ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ. ಇಂಗ್ಲಿಷಿಗಾಗಿ ಹುಟ್ಟಿದ ಸಾಫ್ಟ್‌ವೇರು ‘ಬೆಳ್ತಂಗಡಿ’ಯ ತಾವತ್ತನ್ನು ಕತ್ತರಿಸುತ್ತದೆ, ಇಲ್ಲವೇ ಹೆಸರನ್ನು ಓರೆಯಾಗಿ ತಿರುಗಿಸಿ ಓದುವವರ ಕುತ್ತಿಗೆಯನ್ನೂ ತಿರುಗಿಸುತ್ತದೆ. ಅಕ್ಷರಗಳನ್ನು ಒಂದರ ಕೆಳಗೊಂದು ಜೋಡಿಸುವ ಉಪಾಯ ಒತ್ತಿರುವ ಲಿಪಿಗೆ ಹೊಂದುವುದಿಲ್ಲ. ಪರಿಹಾರ ಸುಲಭ: ನಿಂತ ಕಂಬಗಳನ್ನು ಮಲಗಿಸಿ. ಹೆಸರುಗಳು ಎಡಕ್ಕೆ ನೆಟ್ಟಗೆ ಕೂರುತ್ತವೆ. ಮಿಲಿಯ, ಬಿಲಿಯ ಬಿಟ್ಟು ಲಕ್ಷ, ಕೋಟಿಯಲ್ಲಿ ಬರೆಯಿರಿ. ಬಣ್ಣದ ಅರ್ಥವನ್ನು ಮೂಲೆಯ ಪಟ್ಟಿಯಲ್ಲಿ ಬಚ್ಚಿಡದೆ ಗೆರೆಯ ಪಕ್ಕದಲ್ಲೇ ಬರೆಯಿರಿ.

ಸಾಫ್ಟ್‌ವೇರೇ ಬೇಡ ಎನ್ನುವವರಿಗೆ ಒಂದು ಸಂತೋಷದ ಉದಾಹರಣೆ ಕೊಡುತ್ತೇನೆ. ನ್ಯೂಯಾರ್ಕಿನಲ್ಲಿದ್ದ ಜಾರ್ಜಿಯಾ ಲೂಪಿ ಮತ್ತು ಲಂಡನ್ನಿನಲ್ಲಿದ್ದ ಸ್ಟೆಫನಿ ಪೊಸವೆಕ್ ಒಂದು ವರ್ಷ ವಾರಕ್ಕೊಂದರಂತೆ 52 ವಾರ ಪೋಸ್ಟ್‌ಕಾರ್ಡು ಬರೆದುಕೊಂಡರು. ಒಂದು ವಾರ ಗಡಿಯಾರ ನೋಡಿದ್ದು, ಒಂದು ವಾರ ಗೊಣಗಿದ್ದು, ಒಂದು ವಾರ ಥ್ಯಾಂಕ್ಸ್ ಹೇಳಿದ್ದು, ಹೀಗೆ ಎಣಿಸಿ ಬಣ್ಣದ ಪೆನ್ನಿನಲ್ಲಿ ಚಿತ್ರ ಮಾಡಿ ಕಳಿಸುವುದು. 2016ರಲ್ಲಿ ‘ಡಿಯರ್ ಡೇಟಾ’ ಎಂಬ ಪುಸ್ತಕವಾಯಿತು. ಅಂಕಿ ಎಂದರೆ ಸರ್ಕಾರದ್ದು, ಕಂಪನಿಯದ್ದು ಎಂಬ ಭಾವನೆಯನ್ನು ಆ ಕಾರ್ಡುಗಳು ಮುರಿದವು. ಯಾವುದನ್ನು ಎಣಿಸಬೇಕು ಎಂಬ ತೀರ್ಮಾನ ಬರೆಯುವವರ ಕೈಯಲ್ಲಿತ್ತು. ನಮ್ಮ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಮೂರೂ ತಾಲೂಕುಗಳಲ್ಲಿ ಬೀಡಿ ಕಟ್ಟುವ ಹೆಂಗಸರಿದ್ದಾರೆ. ಬೀಡಿ ಕಂಪನಿಯ ಬ್ರ್ಯಾಂಚಿನ ಪುಸ್ತಕದಲ್ಲಿ ಅವರು ಕಟ್ಟಿದ ಸಾವಿರಗಳ ಲೆಕ್ಕವಿದೆ. ರಾತ್ರಿ ಎಷ್ಟು ಹೊತ್ತು ದೀಪ ಉರಿಯಿತು, ಎಷ್ಟು ಸಲ ಎದ್ದು ಒಲೆ ನೋಡಿದರು, ಎಲೆ ಹಾಳೆಂದು ಎಷ್ಟು ಬೀಡಿ ತಿರುಗಿ ಬಂತು ಎಂಬುದು ಅವರೇ ಎಣಿಸಿದರೆ ಮಾತ್ರ ಸಿಗುವ ಅಂಕಿ. ಅವರ ಮಕ್ಕಳಲ್ಲಿ ಕೆಲವರು ಈ ಸಭೆಯಲ್ಲಿ ಇರಬಹುದು. ಅಮ್ಮನ ಜೊತೆ ಕೂತು ಒಂದು ವಾರದ ಕಾರ್ಡು ಮಾಡಿದರೆ ಅದು ಯಾವ ವರದಿಯಲ್ಲೂ ಇಲ್ಲದ ದಾಖಲೆ.

ಕೊನೆಯದಾಗಿ ನದಿ. ನೇತ್ರಾವತಿಗೆ ಬಂಟ್ವಾಳದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಮಳೆಗಾಲದಲ್ಲಿ ‘ಅಪಾಯದ ಮಟ್ಟ 8.5 ಮೀಟರ್’ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಜಲವಿಜ್ಞಾನಿಗಳು ಇದಕ್ಕೆ ಬರೆಯುವ ಚಿತ್ರ ನನಗೆ ಬಹಳ ಇಷ್ಟ: ನದಿಯ ಗೆರೆ ಕೆಳಗಿನಿಂದ ಏರುತ್ತದೆ, ಮಳೆಯ ಕಂಬಗಳನ್ನು ಮೇಲಿನಿಂದ ತಲೆಕೆಳಗಾಗಿ ಇಳಿಬಿಡುತ್ತಾರೆ. ಘಟ್ಟದಲ್ಲಿ ಮಳೆ ಸುರಿದದ್ದಕ್ಕೂ ಬಂಟ್ವಾಳದಲ್ಲಿ ನೀರು ಏರಿದ್ದಕ್ಕೂ ನಡುವಿನ ಗಂಟೆಗಳು ಆ ಎರಡರ ಅಂತರದಲ್ಲಿ ಕಣ್ಣಿಗೆ ಬೀಳುತ್ತವೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಕುಸಿದು ತೋಟಗಳ ಮೇಲೆ ಮರಳು ಬಂದು ಬಿದ್ದಾಗ ಕೆಳಗಿನವರಿಗೆ ಬೇಕಾಗಿದ್ದುದು ಆ ಗಂಟೆಗಳ ಲೆಕ್ಕ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯೂ ಸೇರಿಕೊಳ್ಳುವುದರಿಂದ ಒಂದು ಕಣಿವೆಯ ಮಳೆಯನ್ನಷ್ಟೇ ನೋಡಿದರೆ ಸಾಲದು; ಎರಡು ಸಾಲು ಕಂಬಗಳನ್ನು ಇಳಿಬಿಡಬೇಕು.

ಈ ಚಿತ್ರ ಈಗ ಇಂಜಿನಿಯರರ ಕಂಪ್ಯೂಟರಿನಲ್ಲಿದೆ. ಬಂಟ್ವಾಳ ಪೇಟೆಯವರಿಗೆ 8.5 ಎಂದರೆ ಏನು? ಅದು ಅಳತೆಪಟ್ಟಿಯ ಮೇಲಿನ ಅಂಕಿ, ನದಿಯ ಆಳವೂ ಅಲ್ಲ, ನಮ್ಮ ಅಂಗಳದಿಂದ ಎತ್ತರವೂ ಅಲ್ಲ. ಹಳಬರು 1923ರ ‘ಮಾರಿಬೊಳ್ಳ’ ಎಂಬ ನೆರೆಯ ಮಾತಾಡುತ್ತಾರೆ, 1974ರ ಜುಲೈ ನೆರೆಯ ಮಾತಾಡುತ್ತಾರೆ. ‘ಎಪ್ಪತ್ನಾಲ್ಕರಲ್ಲಿ ಇಲ್ಲಿವರೆಗೆ’ ಎಂದು ಗೋಡೆಗೆ ಕೈ ಇಟ್ಟು ತೋರಿಸಬಲ್ಲವರು ಕಡಿಮೆಯಾಗುತ್ತಿದ್ದಾರೆ. ಆ ಕೈಗಳು ಇರುವಾಗಲೇ ಒಂದು ಕೆಲಸ ಆಗಬೇಕು. ಬಂಟ್ವಾಳ ಪೇಟೆ, ಪಾಣೆಮಂಗಳೂರು, ಆಲಡ್ಕ, ಗೂಡಿನಬಳಿಗಳಲ್ಲಿ ಶಾಲೆಯ ಗೋಡೆ, ಬಸ್ ನಿಲ್ದಾಣದ ಕಂಬ, ಪಂಚಾಯತಿ ಕಟ್ಟಡ ಎಲ್ಲಿ ಒಪ್ಪಿಗೆ ಸಿಗುತ್ತದೋ ಅಲ್ಲಿ ಲೆವೆಲ್ ಹಿಡಿದು ಗೆರೆ ಎಳೆಯಬೇಕು. 8.5 ಮೀಟರಿಗೆ ಒಂದು, 1974ಕ್ಕೆ ಒಂದು, 2019ಕ್ಕೆ ಒಂದು. 1923ರ ಗುರುತು ದಾಖಲೆಯಿಂದ ಸಿಕ್ಕರೆ ಅದಕ್ಕೂ ಒಂದು. ಪಕ್ಕದಲ್ಲಿ ಕನ್ನಡ ಅಂಕಿಯಲ್ಲೋ ಮಾಮೂಲಿ ಅಂಕಿಯಲ್ಲೋ ಮೀಟರು ಬರೆಯಿರಿ, ಅದರ ಬಗ್ಗೆ ನನಗೆ ಹಟವಿಲ್ಲ. ಹೆಸರು ಮಾತ್ರ ಜನ ಕರೆಯುವ ಹೆಸರೇ ಇರಲಿ.

ವಿರೋಧ ಬರುತ್ತದೆ. ಗೋಡೆಯ ಮೇಲೆ ನೆರೆಯ ಗೆರೆ ಬಿದ್ದರೆ ಜಾಗದ ಬೆಲೆ ಇಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ, ‘ನಮ್ಮಲ್ಲಿಗೆ ಅಷ್ಟು ಬಂದೇ ಇಲ್ಲ’ ಎಂದು ಇನ್ನು ಕೆಲವರು. ಎರಡನೆಯ ಮಾತು ಹೇಳುವವರನ್ನು ದಯವಿಟ್ಟು ಮೊದಲು ಕರೆಯಿರಿ, ಲೆವೆಲ್ ಉಪಕರಣದ ಪಕ್ಕದಲ್ಲೇ ನಿಲ್ಲಿಸಿ. ತಪ್ಪಾದ ಗೆರೆಯನ್ನು ಅಳಿಸಿ ಬೇರೆ ಎಳೆಯಲು ಒಂದು ಡಬ್ಬಿ ಬಣ್ಣ ಹೆಚ್ಚಿಗೆ ತರಿಸಿಟ್ಟುಕೊಂಡರೆ ಆಯಿತು.